ಗೊರಕೆ ನಿಂತ ಹೊತ್ತು

1950ರ ದಶಕದ ಬಾಸ್ಟನ್ನಿನಲ್ಲಿ ಒಂದು ಕಂಪನಿಯ ಅಧಿಕಾರಿಯೊಬ್ಬನಿಗೆ ವಾರಕ್ಕೊಮ್ಮೆ ಗೆಳೆಯರ ಜೊತೆ ಕೂತು ಪೋಕರ್ ಆಡುವ ರೂಢಿಯಿತ್ತು. ವಯಸ್ಸು ಐವತ್ತರ ಮೇಲೆ, ಮೈ ವಿಪರೀತ ದಪ್ಪ. ಒಂದು ಸಲ ಅವನ ಕೈಗೆ ಮೂರು ಎಕ್ಕ, ಎರಡು ರಾಜ ಒಟ್ಟಿಗೆ ಬಂದವು. ಇಂಥ ಎಲೆಗಳು ಆಡುವವನ ಪಾಲಿಗೆ ವರ್ಷಕ್ಕೊಮ್ಮೆ ಬಂದರೆ ಹೆಚ್ಚು. ಅವುಗಳನ್ನು ಕೈಯಲ್ಲಿ ಹಿಡಿದುಕೊಂಡೇ ಆತ ನಿದ್ದೆಹೋದ. ಬಾಜಿ ಬೇರೆಯವರ ಪಾಲಾಯಿತು. ಅಷ್ಟು ದಿನ ಕಚೇರಿಯಲ್ಲಿ ತೂಕಡಿಸಿದ್ದು, ಮಾತಿನ ನಡುವೆ ಕಣ್ಣು ಮುಚ್ಚಿದ್ದು ಯಾವುದೂ ಅವನಿಗೆ ಕಾಯಿಲೆ ಅನ್ನಿಸಿರಲಿಲ್ಲ. ಫುಲ್ ಹೌಸ್ ಕೈತಪ್ಪಿದ ಮೇಲೆ ಅನ್ನಿಸಿತು. ಕೆಲವೇ ದಿನಗಳಲ್ಲಿ ಅವನು ಪೀಟರ್ ಬೆಂಟ್ ಬ್ರಿಗ್‌ಹ್ಯಾಮ್ ಆಸ್ಪತ್ರೆಗೆ ಬಂದು ಸೇರಿದ.

ಅವನನ್ನು ನೋಡಿಕೊಂಡ ಬರ್ವೆಲ್ ಮತ್ತು ಸಂಗಡಿಗರು 1956ರಲ್ಲಿ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಈ ಕತೆಯನ್ನು ಎಲೆಗಳ ವಿವರದ ಸಮೇತ ಬರೆದರು. ಕಾಯಿಲೆಗೆ ಅವರು ಕೊಟ್ಟ ಹೆಸರು ‘ಪಿಕ್‌ವಿಕಿಯನ್ ಸಿಂಡ್ರೋಮ್’. ಚಾರ್ಲ್ಸ್ ಡಿಕನ್ಸ್‌ನ ಮೊದಲ ಕಾದಂಬರಿ ‘ಪಿಕ್‌ವಿಕ್ ಪೇಪರ್ಸ್’ನಲ್ಲಿ ಜೋ ಎಂಬ ಡುಮ್ಮ ಹುಡುಗ ಬರುತ್ತಾನೆ. ತಿನ್ನುವುದು, ನಿದ್ದೆಹೋಗುವುದು, ಗೊರಕೆ ಹೊಡೆಯುವುದು ಬಿಟ್ಟರೆ ಕಾದಂಬರಿಯಲ್ಲಿ ಅವನಿಗೆ ಹೆಚ್ಚು ಕೆಲಸವಿಲ್ಲ. 1836ರಿಂದ ತಿಂಗಳು ತಿಂಗಳು ಕಂತಿನಲ್ಲಿ ಬಂದ ಆ ಕಾದಂಬರಿಯನ್ನು ಓದಿ ನಕ್ಕವರು ಲಕ್ಷಾಂತರ ಜನ. ನೂರಿಪ್ಪತ್ತು ವರ್ಷದ ನಂತರ ಡಾಕ್ಟರುಗಳು ಒಂದು ಗಂಭೀರ ಕಾಯಿಲೆಗೆ ಹೆಸರು ಹುಡುಕುವಾಗಲೂ ಆ ನಗೆಯ ಕಡೆಗೇ ಕೈಚಾಚಿದರು.

ಗೊರಕೆಯ ಚರಿತ್ರೆಯನ್ನು ಹೇಳಹೊರಟವರು ಈ ನಗೆಯನ್ನು ದಾಟಿಯೇ ಹೋಗಬೇಕು. ಯಾಕೆಂದರೆ ಗೊರಕೆ ಕಾಯಿಲೆಯಾಗಬಲ್ಲದು ಎಂದು ಮನುಷ್ಯನಿಗೆ ತಿಳಿಯುವುದಕ್ಕೆ ಇಷ್ಟು ಕಾಲ ಹಿಡಿದದ್ದು ಕಾಯಿಲೆ ಅಪರೂಪ ಎಂದಲ್ಲ, ಅಡಗಿತ್ತು ಎಂದೂ ಅಲ್ಲ. ಅದಕ್ಕಿಂತ ದೊಡ್ಡ ದನಿಯಲ್ಲಿ ತನ್ನನ್ನು ಸಾರಿಕೊಳ್ಳುವ ಕಾಯಿಲೆ ಇನ್ನೊಂದಿಲ್ಲ. ಆದರೆ ಅದನ್ನು ಕೇಳುವುದು ಕಾಯಿಲೆಯವನಲ್ಲ, ಪಕ್ಕದಲ್ಲಿ ಮಲಗಿದವರು. ಡಾಕ್ಟರು ಕೇಳುವುದು ಕಾಯಿಲೆಯವನನ್ನು.

ನಮ್ಮ ಭಾಷೆಗಳ ಕಿವಿಗೆ ಮಾತ್ರ ಇದು ಬಹಳ ಹಿಂದೆಯೇ ಬಿದ್ದಿದೆ. ಕನ್ನಡದಲ್ಲಿ ಗೊರಕೆ, ತೆಲುಗಿನಲ್ಲಿ ಗುರಕ, ತಮಿಳಿನಲ್ಲಿ ಕುರಟ್ಟೈ, ಮರಾಠಿಯಲ್ಲಿ ಘೋರಣೇ, ಹಿಂದಿಯಲ್ಲಿ ಖರ್ರಾಟಾ. ಮುಂಬೈಯಿಂದ ಚೆನ್ನೈವರೆಗೆ ಯಾವ ಊರಿಗೆ ಮನೆ ಬದಲಾಯಿಸಿದರೂ ಗಂಟಲಿನ ಒಂದು ಸದ್ದು, ಅದರ ಬೆನ್ನಿಗೆ ಒಂದು ರಕಾರ ತಪ್ಪುವುದಿಲ್ಲ. ಎಲ್ಲವೂ ಸದ್ದನ್ನೇ ಹೆಸರಾಗಿಸಿಕೊಂಡ ಪದಗಳು. ಆದರೆ ಆ ಸದ್ದು ಮಧ್ಯದಲ್ಲಿ ನಿಂತುಹೋಗುತ್ತದಲ್ಲ, ಆ ನಿಲುಗಡೆಗೆ ಈ ಐದರಲ್ಲಿ ಯಾವ ಭಾಷೆಯೂ ಮನೆಮಾತಿನ ಒಂದು ಹೆಸರು ಇಟ್ಟಂತಿಲ್ಲ. ಅಪಾಯ ಇರುವುದು ಆ ನಿಲುಗಡೆಯಲ್ಲಿ. ಇನ್ನು ಗಾದೆಯಂತೂ ತೀರ್ಪನ್ನೇ ಕೊಟ್ಟುಬಿಟ್ಟಿದೆ: ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ. ಸಂತೆಯಲ್ಲಿ ಕೂತಲ್ಲೇ ನಿದ್ದೆಹೋಗುವವನು ನೆಮ್ಮದಿಯ ಆಸಾಮಿ ಎಂದು ನಂಬಿದ ನಾಡಿನಲ್ಲಿ ಅವನನ್ನು ವೈದ್ಯರ ಹತ್ತಿರ ಕರೆದೊಯ್ಯುವವರು ಯಾರು? ಕುಂಭಕರ್ಣನನ್ನು ನೋಡಿ. ರಾಮಾಯಣದ ಯುದ್ಧಕಾಂಡದಲ್ಲಿ ಅವನನ್ನು ಎಬ್ಬಿಸಲು ಹೋದ ರಾಕ್ಷಸರು ಅವನ ಉಸಿರಿನ ರಭಸಕ್ಕೇ ನಿಲ್ಲಲಾರದೆ ಹಿಂದೆ ಸರಿಯುತ್ತಾರೆ. ಶಂಖ, ಭೇರಿ, ಆನೆ, ಎಲ್ಲ ಬೇಕಾಗುತ್ತದೆ. ಕೇಳಿದ ಮಕ್ಕಳು ಇವತ್ತಿಗೂ ನಗುತ್ತಾರೆ. ಮನೆಯಲ್ಲಿ ತಡವಾಗಿ ಏಳುವವನ ಮೇಲೆ ಆ ಹೆಸರು ಬೀಳುತ್ತದೆ.

ನಗದೆ ನೋಡಿದವರು ಹಿಂದೆಯೂ ಕೆಲವರಿದ್ದರು. ಕಪ್ಪು ಸಮುದ್ರದ ದಂಡೆಯ ಹೆರಾಕ್ಲಿಯಾ ಎಂಬ ಗ್ರೀಕ್ ಪಟ್ಟಣವನ್ನು ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲಿ ಡಯೊನೀಸಿಯಸ್ ಎಂಬ ದೊರೆ ಆಳುತ್ತಿದ್ದ. ಈಗ ಅದು ಟರ್ಕಿಯ ಎರೆಯ್‌ಲಿ. ಆತ ಎಷ್ಟು ದಪ್ಪಗಾದನೆಂದರೆ ಉಸಿರಾಡುವುದೇ ಕಷ್ಟವಾಯಿತು, ನಿದ್ದೆಯಲ್ಲಿ ಉಸಿರು ಕಟ್ಟಿ ಸಾಯುವ ಭಯ ಹುಟ್ಟಿತು. ಗಾಢ ನಿದ್ದೆಗೆ ಜಾರಿದಾಗಲೆಲ್ಲ ಅವನ ಪಕ್ಕೆಗೆ, ಹೊಟ್ಟೆಗೆ ಉದ್ದನೆಯ ತೆಳ್ಳನೆಯ ಸೂಜಿ ಚುಚ್ಚುವಂತೆ ವೈದ್ಯರು ಏರ್ಪಾಟು ಮಾಡಿದರು. ಸೂಜಿ ಕೊಬ್ಬನ್ನು ದಾಟುವವರೆಗೆ ಅವನಿಗೆ ಏನೂ ತಿಳಿಯುತ್ತಿರಲಿಲ್ಲ. ಮಾಂಸ ಮುಟ್ಟಿದಾಗ ಎಚ್ಚರವಾಗುತ್ತಿತ್ತು. ಅಹವಾಲು ತಂದ ಪ್ರಜೆಗಳ ಮುಂದೆ ಕೂರುವಾಗ ಮೈ ಕಾಣದ ಹಾಗೆ ಎದುರಿಗೆ ಒಂದು ಪೆಟ್ಟಿಗೆ ಇಟ್ಟುಕೊಂಡು ಮುಖ ಮಾತ್ರ ತೋರಿಸುತ್ತಿದ್ದನಂತೆ. ಅಥೇನಿಯಸ್ ಎಂಬ ಲೇಖಕ ಇದನ್ನು ಸೇರಿಸಿರುವುದು ಹೊಟ್ಟೆಬಾಕರ ಕತೆಗಳ ಸಾಲಿನಲ್ಲಿ. ಆದರೂ ಆ ವೈದ್ಯರಿಗೆ ಒಂದು ವಿಷಯ ಗೊತ್ತಿತ್ತು. ಅಪಾಯ ಇರುವುದು ನಿದ್ದೆಯಲ್ಲಿ, ಎಚ್ಚರ ಮಾಡಿದರೆ ಉಸಿರು ಮರಳುತ್ತದೆ. ಮದ್ದು ಕ್ರೂರ, ತಿಳಿವಳಿಕೆ ಸರಿ.

ಅಲ್ಲಿಂದ ಲಂಡನ್ನಿಗೆ, 1889ಕ್ಕೆ ಬರಬೇಕು. ಆ ವರ್ಷ ಕ್ಲಿನಿಕಲ್ ಸೊಸೈಟಿಯ ಮುಂದೆ ರಿಚರ್ಡ್ ಕೇಟನ್ ಎಂಬ ಲಿವರ್‌ಪೂಲಿನ ಡಾಕ್ಟರು ಕೋಳಿ, ಬಾತುಕೋಳಿ ಮಾರುವ ಒಬ್ಬ ಅಂಗಡಿಕಾರನ ವಿಚಾರ ಮಂಡಿಸಿದರು. ಈ ಅಂಗಡಿಕಾರ ನಿಂತಲ್ಲೇ ನಿದ್ದೆಹೋಗುತ್ತಿದ್ದ. ಕಣ್ಣುಬಿಟ್ಟಾಗ ಕಾಲು ಗಂಟೆಯ ಹಿಂದೆ ಗಿರಾಕಿಗೆ ಮಾರಿದ ಬಾತುಕೋಳಿ ಇನ್ನೂ ಕೈಯಲ್ಲೇ ಇರುತ್ತಿತ್ತು. ಕೇಟನ್ ಅಲ್ಲಿಗೆ ನಿಲ್ಲಿಸಲಿಲ್ಲ. ಅವನ ನಿದ್ದೆಯನ್ನೂ ಗಮನಿಸಿ ಬರೆದರು. ಗಾಢ ನಿದ್ದೆ ಬಂದ ಮೇಲೆ ಗಂಟಲು ಮುಚ್ಚಿಕೊಂಡು ಉಸಿರು ಪೂರ್ತಿ ನಿಲ್ಲುತ್ತದೆ, ಎದೆ ಹೊಟ್ಟೆಗಳು ಮಾತ್ರ ವ್ಯರ್ಥವಾಗಿ ಏರಿಳಿಯುತ್ತಿರುತ್ತವೆ, ಒಂದು ಒಂದೂವರೆ ನಿಮಿಷದ ಹೊತ್ತಿಗೆ ಮೈ ನೀಲಿಗಟ್ಟುತ್ತದೆ, ನೋಡುವವರಿಗೆ ಇನ್ನು ಮುಗಿಯಿತು ಅನ್ನಿಸುವಾಗ ಗಂಟಲು ತೆರೆದು ಗಾಳಿ ನುಗ್ಗುತ್ತದೆ. ಇವತ್ತಿನ ಯಾವ ಪಠ್ಯಪುಸ್ತಕವೂ ಇದಕ್ಕಿಂತ ಚೆನ್ನಾಗಿ ವರ್ಣಿಸುವುದಿಲ್ಲ. ಕೇಳಿಸಿಕೊಂಡ ಸಭಾಧ್ಯಕ್ಷ ಕ್ರಿಸ್ಟೋಫರ್ ಹೀತ್ ಅವರಿಗೆ ನೆನಪಾದದ್ದು ಪಿಕ್‌ವಿಕ್ಕಿನ ಡುಮ್ಮ ಹುಡುಗ. ಮತ್ತೆ ಅದೇ ಹುಡುಗ!

ಇಲ್ಲೊಂದು ವಿಚಿತ್ರವಿದೆ. ಪ್ರಾಣಿಗಳ ಮಿದುಳಿನಲ್ಲಿ ವಿದ್ಯುತ್ ಹರಿಯುವುದನ್ನು ಮೊದಲು ದಾಖಲಿಸಿದವರು ಇದೇ ಕೇಟನ್, 1875ರಲ್ಲಿ. ಮುಂದೆ ನಿದ್ದೆಯ ಗುಟ್ಟು ಬಯಲಾದದ್ದು ಆ ವಿದ್ಯುತ್ತನ್ನು ಕಾಗದದ ಮೇಲೆ ಇಳಿಸಿದ ಯಂತ್ರದಿಂದಲೇ. ಪ್ರಶ್ನೆ, ಅದನ್ನು ಬಿಡಿಸುವ ಸಾಧನದ ಬೀಜ ಎರಡೂ ಒಬ್ಬರ ಕೈಯಲ್ಲೇ ಇದ್ದವು. ಅವೆರಡು ಒಂದಕ್ಕೊಂದು ತಾಗುವುದಕ್ಕೆ ಮುಂದಿನ ಶತಮಾನದ ಅರ್ಧ ಕಳೆಯಬೇಕಾಯಿತು.

ಮಕ್ಕಳ ವಿಷಯದಲ್ಲಿ ಕಣ್ಣುಗಳು ಸ್ವಲ್ಪ ಬೇಗ ತೆರೆದವು. ಅದೇ 1889ರಲ್ಲಿ ವಿಲಿಯಂ ಹಿಲ್ ಎಂಬ ವೈದ್ಯರು ಮಕ್ಕಳ ‘ದಡ್ಡತನ’ಕ್ಕೆ ಕಾರಣಗಳೇನು ಎಂದು ಬರೆಯುತ್ತ ಮೂಗು ಗಂಟಲಿನ ಅಡಚಣೆಯ ಕಡೆ ಬೆರಳು ತೋರಿಸಿದರು. ಮೂರು ವರ್ಷದ ನಂತರ ವಿಲಿಯಂ ಆಸ್ಲರ್ ತಮ್ಮ ಹೆಸರಾಂತ ಪಠ್ಯಪುಸ್ತಕದಲ್ಲಿ ಟಾನ್ಸಿಲ್ ಊದಿದ ಮಗುವಿನ ರಾತ್ರಿಯನ್ನು ವರ್ಣಿಸಿದರು: ಜೋರು ಉಸಿರು, ನಡುನಡುವೆ ದೀರ್ಘ ನಿಲುಗಡೆ, ಆಮೇಲೆ ಸದ್ದಿನೊಂದಿಗೆ ಆಳವಾಗಿ ಎಳೆದುಕೊಳ್ಳುವ ಗಾಳಿ. ಬಾಯಿ ತೆರೆದು ಮಲಗುವ, ರಾತ್ರಿಯಿಡೀ ಹೊರಳಾಡುವ, ಬೆಳಿಗ್ಗೆ ಪಾಠ ತಲೆಗೆ ಹತ್ತದ ಮಗು ಇವತ್ತೂ ಪ್ರತಿ ತರಗತಿಯಲ್ಲಿ ಒಂದೆರಡು ಸಿಗಬಹುದು. ಅದಕ್ಕೆ ಬೇಕಿರುವುದು ಟ್ಯೂಷನ್ ಅಲ್ಲ, ಗಂಟಲು ನೋಡುವ ಡಾಕ್ಟರು ಎಂಬುದು ನೂರಮೂವತ್ತು ವರ್ಷ ಹಳೆಯ ತಿಳಿವಳಿಕೆ.

ಹೀಗೆ 1890ರ ಹೊತ್ತಿಗೆ ಬೇಕಾದದ್ದೆಲ್ಲ ಬಿಡಿಬಿಡಿಯಾಗಿ ಗೊತ್ತಿತ್ತು, ಯಾರೂ ಪೋಣಿಸಲಿಲ್ಲ. ಬಾಸ್ಟನ್ನಿನ ಡಾಕ್ಟರುಗಳೂ 1956ರಲ್ಲಿ ಪೋಣಿಸಲಿಲ್ಲ. ಪೋಕರ್ ಆಟಗಾರನ ರಕ್ತ ತೆಗೆದು ಅದರಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಾಗಿರುವುದನ್ನು ಕಂಡರು. ತೂಕದ ಭಾರಕ್ಕೆ ಎದೆ ಸರಿಯಾಗಿ ಅರಳುವುದಿಲ್ಲ, ಆ ಅನಿಲ ಮೈಯಲ್ಲಿ ಉಳಿದು ಮಂಪರು ತರುತ್ತದೆ ಎಂದು ತರ್ಕಿಸಿದರು. ಪಥ್ಯ ಮಾಡಿಸಿ ತೂಕ ಇಳಿಸಿದಾಗ ಅವನು ಚೇತರಿಸಿಕೊಂಡದ್ದರಿಂದ ತರ್ಕಕ್ಕೆ ಬಲ ಬಂತು. ಅದು ಪೂರ್ತಿ ತಪ್ಪೂ ಆಗಿರಲಿಲ್ಲ. ಆದರೆ ಆಸ್ಪತ್ರೆಯ ಪರೀಕ್ಷೆಗಳೆಲ್ಲ ನಡೆದದ್ದು ಅವನು ಎಚ್ಚರವಿದ್ದಾಗ. ರಾತ್ರಿ ಅವನ ಮಂಚದ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದರೆ ಚರಿತ್ರೆ ಹತ್ತು ವರ್ಷ ಮುಂದಿರುತ್ತಿತ್ತು.

ರಾತ್ರಿಯಿಡೀ ಕೂತು ನೋಡುವ ಅಭ್ಯಾಸ ಹುಟ್ಟಿದ್ದು ಷಿಕಾಗೊದಲ್ಲಿ. ನೆಥೇನಿಯಲ್ ಕ್ಲೈಟ್‌ಮನ್ ಅವರ ಪ್ರಯೋಗಾಲಯದ ವಿದ್ಯಾರ್ಥಿ ಯೂಜೀನ್ ಅಸೆರಿನ್‌ಸ್ಕಿ ತನ್ನ ಚಿಕ್ಕ ಮಗನನ್ನೇ ಮಲಗಿಸಿ, ತಲೆಗೆ ತಂತಿ ಅಂಟಿಸಿ, ಮಿದುಳು ಮತ್ತು ಕಣ್ಣಿನ ಚಲನೆಯನ್ನು ನೂರಾರು ಮೀಟರ್ ಉದ್ದದ ಕಾಗದದ ಮೇಲೆ ಬರೆಸಿದ. 1953ರಲ್ಲಿ ಇಬ್ಬರೂ ಪ್ರಕಟಿಸಿದ ಲೇಖನ, ನಿದ್ದೆ ಎಂಬುದು ಒಂದೇ ಸಮನೆಯ ಕತ್ತಲಲ್ಲ, ಅದರೊಳಗೆ ಕಣ್ಣುಗುಡ್ಡೆ ಚಕಚಕನೆ ಓಡಾಡುವ ಬೇರೆಯೇ ಒಂದು ಹಂತವಿದೆ ಎಂದು ತೋರಿಸಿತು. ಕನಸಿನ ಶೋಧ ಎಂದು ಅದಕ್ಕೆ ಹೆಸರಾಯಿತು. ಗೊರಕೆಯ ಕತೆಗೆ ಅದರಿಂದ ಆದ ಲಾಭ ಬೇರೆ. ಮಲಗಿದವರನ್ನು ಬೆಳಗಿನವರೆಗೆ ಅಳೆಯುತ್ತ ಕೂರುವುದು ಘನವಾದ ಕೆಲಸ ಎಂದು ವಿಜ್ಞಾನ ಒಪ್ಪಿಕೊಂಡಿತು.

1965ರಲ್ಲಿ ಎರಡು ಊರುಗಳಲ್ಲಿ ಬೇರೆಬೇರೆಯಾಗಿ ಒಂದೇ ಸಂಗತಿ ಕಂಡಿತು. ಫ್ರಾನ್ಸಿನ ಮಾರ್ಸೇಯಲ್ಲಿ ಗಾಸ್ತೋ, ತಸ್ಸಿನಾರಿ, ದ್ಯೂರೋನ್. ಜರ್ಮನಿಯ ಫ್ರೈಬುರ್ಗ್‌ನಲ್ಲಿ ಯುಂಗ್, ಕೂಲೊ. ಇವರು ಮಿದುಳಿನ ಕಡೆಯಿಂದ ಬಂದವರು. ಗಾಸ್ತೋ ಅಂತೂ ಮೂರ್ಛೆರೋಗದ ಅಧ್ಯಯನಕ್ಕೆ ಹೆಸರಾದವರು. ‘ಪಿಕ್‌ವಿಕಿಯನ್’ ರೋಗಿಗಳಿಗೆ ಮಿದುಳಿನ ತಂತಿಯ ಜೊತೆಗೆ ಉಸಿರು ಅಳೆಯುವ ತಂತಿಯನ್ನೂ ಜೋಡಿಸಿ ಮಲಗಿಸಿದರು. ಕಾಗದದ ಮೇಲೆ ಕೇಟನ್ನರ ಅಂಗಡಿಕಾರ ಮರಳಿ ಬಂದ. ಉಸಿರಿನ ಗೆರೆ ಚಪ್ಪಟೆಯಾಗುತ್ತದೆ, ಎದೆಯ ಗೆರೆ ಒದ್ದಾಡುತ್ತದೆ, ಮಿದುಳಿನ ಗೆರೆ ಕೆಲವೇ ಸೆಕೆಂಡು ಎಚ್ಚರ ತೋರಿಸುತ್ತದೆ, ಉಸಿರು ಮರಳುತ್ತದೆ, ಮತ್ತೆ ಮೊದಲಿಂದ. ರಾತ್ರಿಗೆ ನೂರಾರು ಸಲ. ಹಗಲಿನ ಮಂಪರಿಗೆ ಕಾರಣ ಹೆಚ್ಚು ನಿದ್ದೆಯಲ್ಲ, ನಿದ್ದೆಯೇ ಆಗದಿರುವುದು.

ಇದರ ಒಳಗುಟ್ಟು ಸರಳ. ಮೂಗಿನ ಹಿಂಬದಿಯಿಂದ ಧ್ವನಿಪೆಟ್ಟಿಗೆಯವರೆಗಿನ ದಾರಿಗೆ ಮೂಳೆಯ ಆಧಾರವಿಲ್ಲ. ಅದು ಬರೀ ಸ್ನಾಯುವಿನ ಕೊಳವೆ. ಎಚ್ಚರವಿದ್ದಾಗ ಸ್ನಾಯುಗಳು ಅದನ್ನು ಬಿಗಿಯಾಗಿ ತೆರೆದು ಹಿಡಿದಿರುತ್ತವೆ. ನಿದ್ದೆಯಲ್ಲಿ ಸಡಿಲ ಬಿಡುತ್ತವೆ, ಅಂಗಾತ ಮಲಗಿದರೆ ನಾಲಿಗೆಯೂ ಹಿಂದಕ್ಕೆ ಜಾರುತ್ತದೆ. ಕಿರಿದಾದ ದಾರಿಯಲ್ಲಿ ಗಾಳಿ ರಭಸದಿಂದ ಹಾಯುವಾಗ ಮೆದು ಅಂಗುಳ, ಕಿರುನಾಲಿಗೆ ಅದುರುತ್ತವೆ. ಅದು ಗೊರಕೆ. ನೆಂದು ಮೆತ್ತಗಾದ ಕಾಗದದ ಸ್ಟ್ರಾದಲ್ಲಿ ಜೋರಾಗಿ ಹೀರಿದರೆ ಗೋಡೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವಲ್ಲ, ಕೆಲವರ ಗಂಟಲಿನಲ್ಲಿ ಅದೂ ಆಗುತ್ತದೆ. ಆಗ ಸದ್ದು ನಿಲ್ಲುತ್ತದೆ. ಪಕ್ಕದಲ್ಲಿ ಮಲಗಿದವರು ‘ಅಬ್ಬಾ, ಸದ್ಯ ನಿಲ್ಲಿಸಿದರು’ ಎಂದುಕೊಳ್ಳುವುದು ಆ ಕ್ಷಣದಲ್ಲಿ. ರಕ್ತದಲ್ಲಿ ಆಮ್ಲಜನಕ ಇಳಿಯಲು ತೊಡಗುವುದೂ ಆ ಕ್ಷಣದಲ್ಲಿ. ಕೊಬ್ಬು ಗಂಟಲನ್ನು ಕಿರಿದು ಮಾಡುತ್ತದೆ ನಿಜ, ಆದರೆ ಹಿಂದೆ ಸರಿದ ಗಲ್ಲ, ದೊಡ್ಡ ಟಾನ್ಸಿಲ್, ದಪ್ಪ ನಾಲಿಗೆ ಕೂಡ ಅದನ್ನೇ ಮಾಡುತ್ತವೆ. ಸಣಕಲರೂ ಇದಕ್ಕೆ ಹೊರತಲ್ಲ.

ಕಾರಣ ತಿಳಿದ ಮೇಲೆ ಬಂದ ಮೊದಲ ಪರಿಹಾರ ಡಯೊನೀಸಿಯಸನ ಸೂಜಿಗೆ ಹತ್ತಿರದ ಸಂಬಂಧಿ. ಅಡಚಣೆ ಗಂಟಲಲ್ಲಿ ಇದ್ದರೆ ಅದರ ಕೆಳಗೆ ಕತ್ತಿನಲ್ಲಿ ಒಂದು ತೂತು ಕೊರೆದರಾಯಿತು. 1969ರಲ್ಲಿ ಕೂಲೊ ತಂಡ ಈ ಆಪರೇಷನ್ನಿನ ವರದಿ ಕೊಟ್ಟಿತು. ಇಟಲಿಯ ಬೊಲೋನ್ಯಾದಲ್ಲಿ ಎಲಿಯೊ ಲುಗಾರೇಸಿ ಕೂಡ ಮಾಡಿಸಿದರು. ತೂತಿಗೆ ಹಗಲು ಬಿರಡೆ, ರಾತ್ರಿ ಬಿರಡೆ ತೆಗೆದು ಮಲಗುವುದು. ಫಲ ಕೂಡಲೇ ಕಾಣುತ್ತಿತ್ತು. ವರ್ಷಗಳ ಮಂಪರು ಕೆಲವೇ ರಾತ್ರಿಗಳಲ್ಲಿ ಹರಿಯುತ್ತಿತ್ತು. ಬೆಲೆಯೂ ಅಷ್ಟೇ ದೊಡ್ಡದು. ಈಜುವಂತಿಲ್ಲ, ಸೋಂಕಿನ ಕಾಟ ತಪ್ಪದು, ಕಾಲರಿನ ಹಿಂದೆ ಮುಚ್ಚಿಟ್ಟ ತೂತಿನೊಂದಿಗೆ ಬದುಕಿಡೀ ಕಳೆಯಬೇಕು. ಜಪಾನಿನಲ್ಲಿ ಇಕೆಮತ್ಸು ಎಂಬ ಸರ್ಜನ್ 1964ರಲ್ಲೇ ಅಂಗುಳ ಕತ್ತರಿಸಿ ಗೊರಕೆ ತಗ್ಗಿಸುವ ಬಗ್ಗೆ ಬರೆದಿದ್ದರು. ಅದರ ಸುಧಾರಿತ ರೂಪ 1980ರ ದಶಕದಲ್ಲಿ ಅಮೆರಿಕದಲ್ಲಿ ಬಹಳ ನಡೆಯಿತು. ಸದ್ದು ಅಡಗಿದರೂ ಉಸಿರುಕಟ್ಟುವುದು ಎಷ್ಟೋ ಜನರಲ್ಲಿ ಉಳಿದೇ ಇರುತ್ತಿತ್ತು. ಕಿವಿಗೆ ಆರಾಮ, ಎದೆಗೆ ಇಲ್ಲ.

ಲುಗಾರೇಸಿ ಇನ್ನೊಂದು ಕೆಲಸ ಮಾಡಿದರು, ಅದಕ್ಕೆ ಸಿಗಬೇಕಾದ ಹೆಸರು ಸಿಕ್ಕಿಲ್ಲ. ಇಟಲಿಯ ನಡುವೆ ಇರುವ ಪುಟ್ಟ ದೇಶ ಸಾನ್ ಮರೀನೊದಲ್ಲಿ 5,713 ಜನರ ಗೊರಕೆಯ ಲೆಕ್ಕ ತೆಗೆದರು. ಆಸ್ಪತ್ರೆಗೆ ಬಂದ ರೋಗಿಗಳಲ್ಲ, ಊರ ಜನ. ಗೊರಕೆ ಹೊಡೆಯುವವರಲ್ಲಿ ರಕ್ತದೊತ್ತಡ ಹೆಚ್ಚು ಎಂದು 1980ರಲ್ಲಿ ಪ್ರಕಟವಾಯಿತು. ಆ ಹೊತ್ತಿಗೆ ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್‌ನಲ್ಲಿ ವಿಲಿಯಂ ಡಿಮೆಂಟ್ ನಿದ್ದೆಗೆಂದೇ ಕ್ಲಿನಿಕ್ ತೆರೆದಿದ್ದರು. 1972ರಲ್ಲಿ ಅಲ್ಲಿಗೆ ಬಂದ ಫ್ರೆಂಚ್ ವೈದ್ಯ ಕ್ರಿಶ್ಚಿಯನ್ ಗಿಲ್ಲೆಮಿನೊ ಹೃದಯದ ಡಾಕ್ಟರುಗಳನ್ನು ರಾತ್ರಿ ಪಾಳಿಗೆ ಎಳೆದುತಂದರು. ಪ್ರತಿ ಸಲ ಉಸಿರು ಕಟ್ಟಿದಾಗಲೂ ಒತ್ತಡ ಏರುವುದನ್ನು ಅವರು ಕಣ್ಣಾರೆ ಕಂಡರು. 1976ರಲ್ಲಿ ‘ಸ್ಲೀಪ್ ಆಪ್ನಿಯಾ ಸಿಂಡ್ರೋಮ್’ ಎಂಬ ಹೆಸರು ಬಂತು. ಆಪ್ನಿಯಾ ಎಂದರೆ ಗ್ರೀಕಿನಲ್ಲಿ ಉಸಿರಿಲ್ಲದಿರುವುದು. ನಿಲುಗಡೆಗೆ ಕೊನೆಗೂ ಒಂದು ಹೆಸರು ಸಿಕ್ಕಿತು, ಡುಮ್ಮ ಹುಡುಗನಿಗೆ ಬಿಡುಗಡೆಯಾಯಿತು. ಹತ್ತು ಸೆಕೆಂಡಾದರೂ ಉಸಿರು ನಿಂತರೆ ಒಂದು ಎಣಿಕೆ. ಪೂರ್ತಿ ನಿಲ್ಲದೆ ತೀರಾ ಕುಗ್ಗಿದ್ದನ್ನೂ ಸೇರಿಸಿ ಗಂಟೆಗೆ ಐದು ದಾಟಿದರೆ ಗಮನಿಸಬೇಕು, ಮೂವತ್ತು ದಾಟಿದರೆ ತೀವ್ರ ಎಂಬ ಇಂದಿನ ಅಳತೆ ಆ ಕೆಲಸದಿಂದ ಬೆಳೆದದ್ದು.

ಕತ್ತಿನ ತೂತಿಗೆ ಬದಲಿ ಸಿಕ್ಕಿದ್ದು 1980ರ ಜೂನ್‌ನಲ್ಲಿ, ಸಿಡ್ನಿಯ ರಾಯಲ್ ಪ್ರಿನ್ಸ್ ಆಲ್‌ಫ್ರೆಡ್ ಆಸ್ಪತ್ರೆಯಲ್ಲಿ. ಕಾಲಿನ್ ಸಲಿವನ್ ಎಂಬ ವೈದ್ಯರು ಅದಕ್ಕೆ ಮುಂಚೆ ಕೆಲವು ವರ್ಷ ಟೊರಾಂಟೊದಲ್ಲಿ ನಾಯಿಗಳು ನಿದ್ದೆಯಲ್ಲಿ ಹೇಗೆ ಉಸಿರಾಡುತ್ತವೆ ಎಂದು ಅಭ್ಯಾಸ ಮಾಡಿ, ಅವುಗಳ ಮೂತಿಗೆ ಮುಖವಾಡ ಹೊಂದಿಸುವುದರಲ್ಲಿ ಪಳಗಿದ್ದರು. ಅವರ ಬಳಿ ಬಂದ ಒಬ್ಬ ಕಟ್ಟಡ ಕೆಲಸಗಾರನಿಗೆ ಆಪ್ನಿಯಾ ಬಹಳ ತೀವ್ರವಾಗಿತ್ತು. ಕತ್ತಿನ ಆಪರೇಷನ್ ಬಿಟ್ಟು ದಾರಿಯಿಲ್ಲ ಎಂದರೂ ಆತ ಒಪ್ಪಲಿಲ್ಲ. ಬೇರೆ ಏನು ಬೇಕಾದರೂ ಮಾಡಿ ನೋಡಿ ಎಂದ. ಸಲಿವನ್ ವ್ಯಾಕ್ಯೂಮ್ ಕ್ಲೀನರಿನ ಮೋಟಾರಿನಿಂದ ಗಾಳಿ ಹೀರುವ ಬದಲು ಊದುವ ಯಂತ್ರ ಮಾಡಿ, ಅದರ ಕೊಳವೆಯನ್ನು ಅವನ ಮೂಗಿಗೆ ಗಾಳಿ ಸೋರದಂತೆ ಸಿಲಿಕೋನ್ ಅಂಟಿನಿಂದ ಕೂಡಿಸಿದರು. ಒತ್ತಡ ಸ್ವಲ್ಪ ಸ್ವಲ್ಪವೇ ಏರಿಸಿದಂತೆ ಗಂಟಲು ತೆರೆಯಿತು. ಆತ ನೇರವಾಗಿ ಕನಸಿನ ನಿದ್ದೆಗೆ ಇಳಿದ. ವರ್ಷಗಳಿಂದ ಬಾಕಿ ಉಳಿದಿದ್ದ ನಿದ್ದೆ ಅದು. ಬೆಳಿಗ್ಗೆ ಎದ್ದಾಗ ಅವನ ಕಣ್ಣುಗಳಲ್ಲಿ ಮಂಪರು ಇರಲಿಲ್ಲ.

ಅವನೂ ಸೇರಿ ಐದು ಜನರ ವರದಿ 1981ರ ಏಪ್ರಿಲ್‌ನಲ್ಲಿ ‘ದಿ ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಬೇಕಾದ ಒತ್ತಡ ಎಷ್ಟು ಗೊತ್ತೇ? ನಾಲ್ಕೂವರೆಯಿಂದ ಹತ್ತು ಸೆಂಟಿಮೀಟರ್ ನೀರಿನಷ್ಟು. ಲೋಟದ ನೀರಿಗೆ ಸ್ಟ್ರಾವನ್ನು ಬೆರಳುದ್ದ ಇಳಿಸಿ ಮಕ್ಕಳು ಗುಳುಗುಳು ಊದಲು ಎಷ್ಟು ಬಲ ಹಾಕುತ್ತಾರೋ ಅಷ್ಟೇ. ಮುರಿದ ಮೂಳೆಗೆ ಬಿದಿರಿನ ದಬ್ಬೆ ಕಟ್ಟುವಂತೆ ಗಂಟಲಿಗೆ ಗಾಳಿಯ ದಬ್ಬೆ. ಈಗ ‘ಸಿಪ್ಯಾಪ್’ ಎಂದು ಕರೆಯುವ ಯಂತ್ರ ಇದೇ. ಮೊದಮೊದಲು ಅದರ ಗದ್ದಲ ಗೊರಕೆಯನ್ನು ಮೀರಿಸುವಂತಿತ್ತು. ರೋಗಿ ಪ್ರತಿ ರಾತ್ರಿ ಮುಖವಾಡವನ್ನು ಅಂಟು ಹಚ್ಚಿ ಕೂರಿಸಿಕೊಳ್ಳಬೇಕಿತ್ತು. ಆದರೂ ಜನ ಅದನ್ನು ಮನೆಗೆ ಒಯ್ದರು. ಒಂದು ಸಲ ಸರಿಯಾಗಿ ನಿದ್ದೆ ಮಾಡಿದವನು ಅದನ್ನು ಬಿಟ್ಟುಕೊಡಲು ಒಪ್ಪುವುದಿಲ್ಲ. ಇವತ್ತಿನ ಯಂತ್ರಗಳು ಸದ್ದಿಲ್ಲದವು, ದಿಂಬಿನ ಪಕ್ಕದಲ್ಲಿ ಇಡುವಷ್ಟು ಚಿಕ್ಕವು. ಬಿಟ್ಟುಬಿಡುವವರು ಮಾತ್ರ ಈಗಲೂ ಬಹಳ. ಮುಖವಾಡ ಒಗ್ಗುವುದಿಲ್ಲ, ಮೂಗು ಒಣಗುತ್ತದೆ, ಮದುವೆಮನೆಗೆ ಒಯ್ಯಲು ನಾಚಿಕೆ.

ಎಲ್ಲರಿಗೂ ಯಂತ್ರವೇ ಬೇಕೆಂದಿಲ್ಲ. ಮಗ್ಗುಲಾಗಿ ಮಲಗುವುದು, ತೂಕ ಇಳಿಸುವುದು, ಮಲಗುವ ಮುಂಚಿನ ಮದ್ಯ ಬಿಡುವುದು, ಮೂಗು ಕಟ್ಟಿದ್ದರೆ ಅದಕ್ಕೆ ಚಿಕಿತ್ಸೆ, ಇವಿಷ್ಟರಿಂದಲೇ ಬರೀ ಗೊರಕೆಯವರಿಗೂ ಸೌಮ್ಯ ಆಪ್ನಿಯಾದವರಿಗೂ ಸಾಕಷ್ಟು ಗುಣ ಕಾಣಬಹುದು. ಅಂಗಾತ ಹೊರಳದಂತೆ ಅಂಗಿಯ ಬೆನ್ನಿಗೆ ಚೆಂಡು ಹೊಲಿದುಕೊಳ್ಳುವ ಹಳೆಯ ಉಪಾಯಕ್ಕೂ ತರ್ಕವಿದೆ. ಕೆಳದವಡೆಯನ್ನು ಮುಂದೆ ಹಿಡಿಯುವ ಹಲ್ಲಿನ ಸಾಧನವನ್ನು ದಂತವೈದ್ಯರು ಮಾಡಿಕೊಡುತ್ತಾರೆ. ಆಸ್ಟ್ರೇಲಿಯಾದ ಆದಿವಾಸಿಗಳ ಊದುವಾದ್ಯ ಡಿಜರಿಡೂವನ್ನು ನಾಲ್ಕು ತಿಂಗಳು ನುಡಿಸಿದರೆ ಗಂಟಲಿನ ಸ್ನಾಯು ಗಟ್ಟಿಯಾಗಿ ಹಗಲಿನ ಮಂಪರು ಇಳಿಯುತ್ತದೆ ಎಂದು ಸ್ವಿಟ್ಜರ್ಲೆಂಡಿನಲ್ಲಿ 25 ಜನರ ಮೇಲೆ ನಡೆದ ಪ್ರಯೋಗ ತೋರಿಸಿತು. ಅದಕ್ಕೆ 2017ರಲ್ಲಿ ಇಗ್ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಪಕ್ಕದ ಮನೆಯವರ ಶಾಂತಿಯನ್ನು ಯಾರೂ ಅಳೆದಂತಿಲ್ಲ. 2024ರ ಡಿಸೆಂಬರಿನಲ್ಲಿ ಟಿರ್ಜೆಪಟೈಡ್ ಎಂಬ ತೂಕ ಇಳಿಸುವ ಚುಚ್ಚುಮದ್ದಿಗೆ, ಬೊಜ್ಜಿನ ಜೊತೆ ಆಪ್ನಿಯಾ ಇರುವವರಿಗೂ ಕೊಡಬಹುದೆಂದು ಅಮೆರಿಕದ ಔಷಧ ನಿಯಂತ್ರಕರು ಒಪ್ಪಿಗೆ ಕೊಟ್ಟರು. ಒಂದು ತಪ್ಪು ಮಾತ್ರ ಇವತ್ತೂ ನಡೆಯುತ್ತಲೇ ಇದೆ. ಬೆಳಿಗ್ಗೆ ದಣಿದು ಏಳುವವನು ನಿದ್ದೆ ಸಾಲದೆಂದು ನಿದ್ರೆಗುಳಿಗೆ ನುಂಗುತ್ತಾನೆ. ಅವುಗಳಲ್ಲಿ ಹಲವು ಗಂಟಲಿನ ಸ್ನಾಯುವನ್ನು ಇನ್ನಷ್ಟು ಸಡಿಲಿಸುತ್ತವೆ, ಎಚ್ಚರಿಸಬೇಕಾದ ಮಿದುಳನ್ನೂ ಮಂದಗೊಳಿಸುತ್ತವೆ.

ಭಾರತದಲ್ಲಿ ಇದರ ಲೆಕ್ಕ ಶುರುವಾದದ್ದು ತಡವಾಗಿ. ಮುಂಬೈಯ ಹಿಂದೂಜಾ ಆಸ್ಪತ್ರೆಯ ಜರೀರ್ ಉದ್ವಾಡಿಯಾ ಮತ್ತು ಸಂಗಡಿಗರು, ಮಾಮೂಲಿ ಆರೋಗ್ಯ ತಪಾಸಣೆಗೆಂದು ಬಂದ 658 ಮಧ್ಯವಯಸ್ಸಿನ ಗಂಡಸರನ್ನು ವಿಚಾರಿಸಿ, ಅವರಲ್ಲಿ 250 ಜನರ ನಿದ್ದೆಯನ್ನು ಅವರವರ ಮನೆಯಲ್ಲೇ ಅಳೆದರು. 2004ರಲ್ಲಿ ಬಂದ ಫಲಿತಾಂಶದ ಪ್ರಕಾರ ಅಂಥ ಗಂಡಸರಲ್ಲಿ ಶೇ. 19.5 ಮಂದಿಗೆ ನಿದ್ದೆಯ ಉಸಿರಾಟದಲ್ಲಿ ತೊಂದರೆ, ಶೇ. 7.5 ಮಂದಿಗೆ ಹಗಲಿನ ಮಂಪರೂ ಸೇರಿದ ಪೂರ್ಣ ಕಾಯಿಲೆ. ಕಾಯಿಲೆಯೇ ಇಲ್ಲ ಎಂದುಕೊಂಡವರ ಅಂಕಿ ಇದು. 2022ರ ಫೆಬ್ರವರಿಯಲ್ಲಿ ಸಂಗೀತ ನಿರ್ದೇಶಕ ಬಪ್ಪಿ ಲಹಿರಿ ಮುಂಬೈಯಲ್ಲಿ ತೀರಿಕೊಂಡಾಗ ವೈದ್ಯರ ಹೇಳಿಕೆಯಲ್ಲಿ ಆಪ್ನಿಯಾ ಎಂಬ ಪದ ಇತ್ತು. ಟೀವಿ ನೋಡುತ್ತಿದ್ದ ಎಷ್ಟೋ ಮನೆಗಳು ಆ ಪದವನ್ನು ಮೊದಲು ಕೇಳಿದ್ದು ಆಗ.

ಮುಂಬೈ ಅಧ್ಯಯನದಲ್ಲಿ ಇದ್ದವರು ಗಂಡಸರು ಮಾತ್ರ. ಅದಕ್ಕೆ ಹಿನ್ನೆಲೆಯಿದೆ. ಪೋಕರ್ ಆಟಗಾರನಿಂದ ಕಟ್ಟಡ ಕೆಲಸಗಾರನವರೆಗೆ ಈ ಚರಿತ್ರೆಯಲ್ಲಿ ಹೆಸರಾದ ರೋಗಿಗಳೆಲ್ಲ ಗಂಡಸರೇ. ಇದು ಗಂಡಸರ ಕಾಯಿಲೆ ಎಂದೇ ಕ್ಲಿನಿಕ್ಕುಗಳು ಬಹುಕಾಲ ನಂಬಿದ್ದವು. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಟೆರಿ ಯಂಗ್ ಎಂಬಾಕೆ ಕ್ಲಿನಿಕ್ಕನ್ನು ನೆಚ್ಚದೆ, ಸರ್ಕಾರಿ ನೌಕರರನ್ನು ಕರೆದು ಮಲಗಿಸಿ ನೋಡಿದರು. 1993ರ ಅವರ ಲೆಕ್ಕದಲ್ಲಿ ಪೂರ್ಣ ಕಾಯಿಲೆ ಗಂಡಸರಲ್ಲಿ ಶೇ. 4, ಹೆಂಗಸರಲ್ಲಿ ಶೇ. 2. ಅಂತರವಿದೆ, ಆದರೆ ಕ್ಲಿನಿಕ್ಕಿನ ಸರದಿಯಲ್ಲಿ ಕಾಣುವಷ್ಟಲ್ಲ. 1997ರಲ್ಲಿ ಅದೇ ಗುಂಪು ಇನ್ನೊಂದು ಅಂಕಿ ಕೊಟ್ಟಿತು: ಮಧ್ಯಮದಿಂದ ತೀವ್ರ ಕಾಯಿಲೆಯುಳ್ಳ ಗಂಡಸರಲ್ಲಿ ಶೇ. 82, ಹೆಂಗಸರಲ್ಲಿ ಶೇ. 93 ಮಂದಿಗೆ ತಮಗದು ಇದೆಯೆಂದು ಯಾವ ಡಾಕ್ಟರೂ ಹೇಳಿರಲಿಲ್ಲ. ದೆಹಲಿಯ ಏಮ್ಸ್‌ನ ಸುರೇಂದ್ರ ಕುಮಾರ್ ಶರ್ಮಾ ತಂಡ 2006ರಲ್ಲಿ ಕಂಡದ್ದೂ ಇದೇ ಬಗೆಯ ಚಿತ್ರ. ಗಂಡಸರಲ್ಲಿ ಶೇ. 4.9, ಹೆಂಗಸರಲ್ಲಿ ಶೇ. 2.1.

ಇದಕ್ಕೆ ಮೈ ಒಂದು ಕಾರಣ, ಮಲಗುವ ಕೋಣೆ ಇನ್ನೊಂದು. ಗಂಡನ ಗೊರಕೆ ಹೆಂಡತಿಗೆ ಕೇಳುತ್ತದೆ. ರಾತ್ರಿ ಎದ್ದು ಕೂತು ‘ಇವರ ಉಸಿರು ನಿಂತಿತಲ್ಲಾ’ ಎಂದು ಮೂಗಿನ ಹತ್ತಿರ ಕೈಹಿಡಿದು ನೋಡುವವಳು ಅವಳು. ಡಾಕ್ಟರ ಹತ್ತಿರ ಎಳೆದುತರುವವಳೂ ಅವಳೇ. ತಾನು ಗೊರಕೆ ಹೊಡೆಯುತ್ತೇನೆ ಎನ್ನಲು ಹೆಂಗಸಿಗೆ ಸಂಕೋಚ. ಅವಳು ಡಾಕ್ಟರ ಮುಂದೆ ಹೇಳುವುದು ಬೆಳಗಿನ ತಲೆನೋವು, ಸುಸ್ತು, ನಿದ್ದೆ ಬಾರದಿರುವುದು, ಬೇಸರ. ಥೈರಾಯ್ಡ್ ಪರೀಕ್ಷೆ ಆಗುತ್ತದೆ, ಹಿಮೋಗ್ಲೋಬಿನ್ ನೋಡುತ್ತಾರೆ, ಗುಳಿಗೆ ಬರೆಯುತ್ತಾರೆ. ಮುಟ್ಟು ನಿಂತ ಮೇಲೆ ಹೆಂಗಸರಲ್ಲಿ ಆಪ್ನಿಯಾ ಹೆಚ್ಚುತ್ತದೆ. ಸುಸ್ತನ್ನು ವಯಸ್ಸಿನ ಲೆಕ್ಕಕ್ಕೆ ಬರೆದು ಬಿಡುವ ಕಾಲವೂ ಅದೇ.

ಈಗ ರೋಗಿಯನ್ನು ಕೇಳುವ ಪ್ರಶ್ನೆಗಳು ಅಚ್ಚಾಗಿವೆ. 1991ರಲ್ಲಿ ಮೆಲ್ಬರ್ನ್‌ನ ಮರ್ರೇ ಜಾನ್ಸ್ ರೂಪಿಸಿದ ಎಪ್‌ವರ್ತ್ ಪಟ್ಟಿಯಲ್ಲಿ ಎಂಟು ಸನ್ನಿವೇಶಗಳಿವೆ: ಓದುವಾಗ, ಟೀವಿ ಮುಂದೆ, ಸಭೆಯಲ್ಲಿ, ಪ್ರಯಾಣದಲ್ಲಿ, ಮಧ್ಯಾಹ್ನ ಅಡ್ಡಾದಾಗ, ಯಾರೊಡನೆಯೋ ಮಾತಾಡುತ್ತ ಕೂತಾಗ, ಊಟದ ನಂತರ, ಸಿಗ್ನಲ್ಲಿನಲ್ಲಿ ಗಾಡಿ ನಿಂತಾಗ. ತೂಕಡಿಕೆ ಎಷ್ಟು ಎಂದು ಪ್ರತಿಯೊಂದಕ್ಕೂ ಸೊನ್ನೆಯಿಂದ ಮೂರು ಅಂಕ. ಒಟ್ಟು ಹತ್ತು ದಾಟಿದರೆ ಡಾಕ್ಟರನ್ನು ಕಾಣಬೇಕು. ಗಾದೆಯ ಸಂತೆ ಇಲ್ಲಿ ಪರೀಕ್ಷೆಯ ಪ್ರಶ್ನೆಯಾಗಿದೆ. ಡಾಕ್ಟರು ಬಾಯಿ ತೆರೆಸಿ ನಾಲಿಗೆ ಚಾಚಿಸಿ ಕಿರುನಾಲಿಗೆ ಎಷ್ಟು ಕಾಣುತ್ತದೆ ಎಂದು ಕೊಡುವ ದರ್ಜೆಗೆ ಮಲ್ಲಂಪಾಟಿ ಎಂದು ಹೆಸರು. ಗುಂಟೂರಿನಲ್ಲಿ ವೈದ್ಯ ಓದಿ ಬಾಸ್ಟನ್ನಿಗೆ ಹೋದ ಅರಿವಳಿಕೆ ತಜ್ಞ ಶೇಷಗಿರಿ ರಾವ್ ಮಲ್ಲಂಪಾಟಿ 1985ರಲ್ಲಿ ಅದನ್ನು ಪ್ರಕಟಿಸಿದ್ದು ಅರಿವಳಿಕೆ ಕೊಡುವಾಗಿನ ಅನುಕೂಲಕ್ಕಾಗಿ. ಅವರು ಕೆಲಸ ಮಾಡುತ್ತಿದ್ದ ಬ್ರಿಗ್‌ಹ್ಯಾಮ್ ಆಸ್ಪತ್ರೆ, ಪೋಕರ್ ಆಟಗಾರ ಬಂದು ಸೇರಿದ್ದ ಆಸ್ಪತ್ರೆಯ ಮುಂದಿನ ಅವತಾರ.

ಅರಿವಳಿಕೆಯವರೇ ಮಾಡಿದ ಇನ್ನೊಂದು ಪಟ್ಟಿ ಈಗ ಎಲ್ಲಕ್ಕಿಂತ ಹೆಚ್ಚು ಬಳಕೆಯಲ್ಲಿದೆ. 2008ರಲ್ಲಿ ಟೊರಾಂಟೊದ ಫ್ರಾನ್ಸಿಸ್ ಚುಂಗ್ ತಂಡ ಕೊಟ್ಟ ಸ್ಟಾಪ್-ಬ್ಯಾಂಗ್. ಇದರಲ್ಲಿಯೂ ಎಂಟು ಪ್ರಶ್ನೆ, ಹೌದು ಎಂದರೆ ಒಂದೊಂದು ಅಂಕ. ಜೋರು ಗೊರಕೆ ಹೊಡೆಯುತ್ತೀರಾ, ಹಗಲು ದಣಿವೇ, ಬೀಪಿ ಇದೆಯೇ, ತೂಕ ಎಷ್ಟು, ವಯಸ್ಸು ಐವತ್ತು ದಾಟಿತೇ, ಕತ್ತಿನ ಸುತ್ತಳತೆ ಎಷ್ಟು. ನಿದ್ದೆಯಲ್ಲಿ ನಿಮ್ಮ ಉಸಿರು ನಿಂತದ್ದನ್ನು ಯಾರಾದರೂ ನೋಡಿದ್ದಾರೆಯೇ ಎಂಬುದೂ ಅದರಲ್ಲಿದೆ. ಊರು ಬಿಟ್ಟು ಬಂದು ಪಿಜಿಯಲ್ಲೋ ಒಂಟಿ ಫ್ಲ್ಯಾಟಿನಲ್ಲೋ ಮಲಗುವವರು ಅಲ್ಲಿ ‘ಇಲ್ಲ’ ಎಂದು ಗುರುತು ಹಾಕಿ ಮುಂದೆ ಹೋಗುತ್ತಾರೆ. ಎಂಟನೆಯದು, ನೀವು ಗಂಡಸೇ ಎಂಬುದು. ಹೆಂಗಸಿಗೆ ಅಲ್ಲಿ ಸೊನ್ನೆ.